ಉಳಿದ ಆರು ಮಾತ್ರೆಗಳು ಯಾರಿಗೆ?

ಓದುಗರ ಪತ್ರ: ಮಾನ್ಯ ಸಂಪಾದಕರೇ, ಹೋದ ವರ್ಷ ನನಗೆ ಟೈಫಾಯ್ಡ್ ಆದಾಗ ವೈದ್ಯರು ಸೆಫಿಕ್ಸಿಮ್ 200 ಮಿಲಿಗ್ರಾಂ ಮಾತ್ರೆಯನ್ನು ದಿನಕ್ಕೆ ಎರಡರಂತೆ ಹದಿನಾಲ್ಕು ದಿನಕ್ಕೆ ಬರೆದುಕೊಟ್ಟಿದ್ದರು. ಜ್ವರ ಬಿಟ್ಟಿತೆಂದು ಆರು ಮಾತ್ರೆ ಉಳಿಸಿಕೊಂಡೆ. ಈಗ ಅತ್ತೆಯವರಿಗೆ ಉರಿಮೂತ್ರ. ಅವರಿಗೆ ಸಕ್ಕರೆ ಕಾಯಿಲೆಯೂ ಇದೆ. ಈ ಮಾತ್ರೆಯನ್ನೇ ಕೊಡಬಹುದೇ? ಮಗನ ತೊಡೆಯ ಮೇಲೆ ಕುರು ಎದ್ದಿದೆ, ಅವನಿಗೆ ಅರ್ಧ ಮಾತ್ರೆ ಸಾಕಾಗಬಹುದೇ? ಅವನಿಗೆ ಹಿಂದೊಮ್ಮೆ ಅಮಾಕ್ಸಿಸಿಲಿನ್ ಕುಡಿಸಿದಾಗ ಮೈಮೇಲೆ ದದ್ದು ಎದ್ದಿತ್ತು. ಇನ್ನಷ್ಟು ಮಾತ್ರೆ ಕೊಳ್ಳಲು ಹೋದರೆ ಅಂಗಡಿಯವರು ಚೀಟಿ ಇಲ್ಲದೆ ಕೊಡುವುದಿಲ್ಲ ಎಂದು ಗದರಿದರು. ಅಷ್ಟು ಪವರ್ ಇರುವ ಮಾತ್ರೆಯೇ ಇದು?
— ಓದುಗರೊಬ್ಬರು, ಹಾಸನ

ಸಂಪಾದಕರ ಉತ್ತರ:

ಅತ್ತೆಯವರ ವಿಷಯ ಮುಂದಿನ ಸಂಚಿಕೆಯವರೆಗೆ ಕಾಯುವಂಥದ್ದಲ್ಲವಾದ್ದರಿಂದ ಅದಕ್ಕೆ ಫೋನಿನಲ್ಲೇ ಉತ್ತರಿಸಿದ್ದೇವೆ: ಆ ಮಾತ್ರೆ ಕೊಡಬೇಡಿ, ವೈದ್ಯರಿಗೆ ತೋರಿಸಿ. ಇಂಥ ಉಳಿಕೆ ಮಾತ್ರೆಗಳು ಬಹಳ ಮನೆಗಳಲ್ಲಿ ಇರುವುದರಿಂದ ಕಾರಣಗಳನ್ನು ಎಲ್ಲರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೂತ್ರದ ಸೋಂಕಿಗೆ ಸೆಫಿಕ್ಸಿಮ್ ಬರೆಯುವುದುಂಟು, ನಿಮ್ಮ ಊಹೆ ತೀರಾ ತಪ್ಪಲ್ಲ. ತೊಡಕು ಬೇರೆ ಕಡೆ ಇದೆ. ಈ ಸೋಂಕಿಗೆ ಬಹಳ ಸಲ ಕಾರಣವಾಗುವುದು ಕರುಳಿನಲ್ಲಿ ವಾಸಿಸುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾ. ನಮ್ಮ ದೇಶದ ದೊಡ್ಡ ಆಸ್ಪತ್ರೆಗಳಲ್ಲಿ ಸಿಗುವ ಇ. ಕೋಲಿಯ ಬಹುಪಾಲು ಸೆಫಿಕ್ಸಿಮ್ ಸೇರಿರುವ ಸೆಫಲೊಸ್ಪೊರಿನ್ ಎಂಬ ಜಾತಿಯ ಔಷಧಗಳಿಗೆ ಬಗ್ಗುವುದಿಲ್ಲ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ವರದಿಗಳು ವರ್ಷ ವರ್ಷವೂ ಹೇಳುತ್ತಿವೆ. ಹಾಗಾಗಿ ಮೊದಲ ಮಾತ್ರೆ ನುಂಗುವ ಮುನ್ನ ಮೂತ್ರವನ್ನು ಕಲ್ಚರ್ ಪರೀಕ್ಷೆಗೆ, ಅಂದರೆ ಅದರಲ್ಲಿನ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆಗೆ, ಕೊಡುವುದು ಒಳ್ಳೆಯದು. ಮೂರು ಮಾತ್ರೆ ನುಂಗಿಸಿ, ಗುಣ ಕಾಣದೆ ಆಮೇಲೆ ಲ್ಯಾಬಿಗೆ ಹೋದರೆ ಅಲ್ಲಿ ಏನೂ ಬೆಳೆಯದೆ ವರದಿ ಖಾಲಿ ಬರಬಹುದು. ರೋಗ ಮಾತ್ರ ಒಳಗೇ ಉಳಿದಿರುತ್ತದೆ. ಮೂತ್ರ ಹಿಡಿಯುವುದಕ್ಕೂ ಕ್ರಮವಿದೆ. ಬರೀ ನೀರಿನಲ್ಲಿ ತೊಳೆದುಕೊಂಡು, ಮೊದಲ ಸ್ವಲ್ಪವನ್ನು ಹೋಗಬಿಟ್ಟು, ನಡುವಿನದನ್ನು ಲ್ಯಾಬಿನವರು ಕೊಟ್ಟ ಡಬ್ಬಿಗೆ ಹಿಡಿಯಬೇಕು. ಮುಚ್ಚಳದ ಒಳಮೈಗೆ ಬೆರಳು ತಾಗಬಾರದು. ಹಿಡಿದದ್ದನ್ನು ಮಧ್ಯಾಹ್ನದವರೆಗೆ ಮನೆಯಲ್ಲಿಟ್ಟುಕೊಂಡು ಕೂರಬಾರದು. ಇಷ್ಟನ್ನು ವಿವರಿಸುವ ಪುರುಸೊತ್ತು ಎಲ್ಲ ಲ್ಯಾಬುಗಳಲ್ಲೂ ಇರುವುದಿಲ್ಲ.

ವಯಸ್ಸಾದವರು, ಅದರಲ್ಲೂ ಸಕ್ಕರೆ ಕಾಯಿಲೆ ಇರುವವರು ಎಂದಾಗ ಮೂತ್ರಪಿಂಡದ ಮಾತು ಬರುತ್ತದೆ. ರಕ್ತಕ್ಕೆ ಸೇರಿದ ಸೆಫಿಕ್ಸಿಮ್‌ನಲ್ಲಿ ಸುಮಾರು ಅರ್ಧದಷ್ಟು ಮೂತ್ರದ ದಾರಿಯಲ್ಲೇ ಹೊರಹೋಗುತ್ತದೆ. ಮೂತ್ರಪಿಂಡ ಸೊರಗಿದ್ದರೆ ಔಷಧ ಮೈಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ, ಪ್ರಮಾಣವನ್ನು ತಗ್ಗಿಸಬೇಕಾಗುತ್ತದೆ. ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಕ್ತದಲ್ಲಿ ಎಷ್ಟಿದೆ ಎಂದು ನೋಡದೆ ಅದನ್ನು ನೀವಾಗಲಿ ನಾನಾಗಲಿ ಹೇಳಲಾಗದು. ಅತ್ತೆಯವರು ನಿತ್ಯ ನುಂಗುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಇದ್ದರೆ ಸೆಫಿಕ್ಸಿಮ್ ಜೊತೆ ಸೇರಿ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಫಿಟ್ಸ್‌ಗೆ ಕೊಡುವ ಕಾರ್ಬಮಜೆಪೀನ್ ಇದ್ದರೆ ರಕ್ತದಲ್ಲಿ ಅದರ ಮಟ್ಟ ಏರಬಹುದು. ಚಳಿ ನಡುಕ, ಪಕ್ಕೆನೋವು, ವಾಂತಿ, ಮಾತಿನಲ್ಲಿ ಗಲಿಬಿಲಿ ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಇನ್ನು ಮಗನ ಕುರು. ಕುರುವಿನ ಕೀವಿನಲ್ಲಿ ಸಾಮಾನ್ಯವಾಗಿ ಇರುವುದು ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ. ಸೆಫಿಕ್ಸಿಮ್ ಅದರ ಮೇಲೆ ನಡೆಯುವುದೇ ಇಲ್ಲ. ಅರ್ಧ ಮಾತ್ರೆ ಕೊಟ್ಟರೂ ಅಷ್ಟೆ, ಎರಡು ಕೊಟ್ಟರೂ ಅಷ್ಟೆ. ‘ಪವರ್’ ಎಂಬ ಲೆಕ್ಕಾಚಾರ ಕೈಕೊಡುವುದು ಇಲ್ಲೇ. ಸೆಫಲೊಸ್ಪೊರಿನ್‌ಗಳನ್ನು ವೈದ್ಯರು ತಲೆಮಾರುಗಳಾಗಿ ವಿಂಗಡಿಸುತ್ತಾರೆ. ಸೆಫಿಕ್ಸಿಮ್ ಮೂರನೆಯದು, ಸೆಫಲೆಕ್ಸಿನ್ ಮೊದಲನೆಯದು. ಮೂರನೆಯದೆಂದರೆ ಮೊದಲನೆಯದಕ್ಕಿಂತ ಮೂರು ಪಟ್ಟು ಜೋರು ಎಂದಲ್ಲ. ಕರುಳಿನ ಕಡೆಯ ಬ್ಯಾಕ್ಟೀರಿಯಾಗಳ ಮೇಲೆ ಅದರ ಹಿಡಿತ ಹೆಚ್ಚಿತು, ಚರ್ಮದ ಕಡೆಯವುಗಳ ಮೇಲೆ ಕಳೆದುಹೋಯಿತು. ಕುರುವಿಗೆ ಹಳೆಯ, ಅಗ್ಗದ ಸೆಫಲೆಕ್ಸಿನ್ನೇ ಎಷ್ಟೋ ಮೇಲು. ಅದಕ್ಕಿಂತ ಮೊದಲು ಕೀವು ತೆಗೆಸುವುದು ಮೇಲು. ಸಣ್ಣ ಕುರುಗಳಿಗೆ ಬಹಳ ಸಲ ಅಷ್ಟೇ ಸಾಕಾಗುತ್ತದೆ.

ಆದರೆ ನಿಮ್ಮ ಮಗನ ದದ್ದಿನ ಕಥೆಯಿಂದ ಸೆಫಲೆಕ್ಸಿನ್ ವಿಷಯದಲ್ಲೇ ವೈದ್ಯರು ಹೆಚ್ಚು ಯೋಚಿಸಬೇಕಾಗುತ್ತದೆ. ಅಮಾಕ್ಸಿಸಿಲಿನ್ ಪೆನಿಸಿಲಿನ್ ಜಾತಿಯದು. ಪೆನಿಸಿಲಿನ್ ಆಗದವರಲ್ಲಿ ನೂರಕ್ಕೆ ಹತ್ತು ಮಂದಿಗೆ ಸೆಫಲೊಸ್ಪೊರಿನ್‌ಗಳೂ ಆಗುವುದಿಲ್ಲ ಎಂದು ಬಹುಕಾಲ ಪಾಠ ಹೇಳಲಾಗುತ್ತಿತ್ತು. ಆರಂಭದ ದಿನಗಳ ಸೆಫಲೊಸ್ಪೊರಿನ್‌ಗಳಲ್ಲಿ ಪೆನಿಸಿಲಿನ್ ಚೂರುಪಾರು ಬೆರೆತಿರುತ್ತಿದ್ದುದೂ ಆ ಲೆಕ್ಕಕ್ಕೆ ಒಂದು ಕಾರಣ. ಈಗ ಅದು ನೂರಕ್ಕೆ ಎರಡರ ಆಸುಪಾಸಿಗೆ ಇಳಿದಿದೆ. ಒಂದು ಔಷಧದ ಅಲರ್ಜಿ ಇನ್ನೊಂದಕ್ಕೂ ತಾಗುವುದು ಬಹುಮಟ್ಟಿಗೆ ಔಷಧದ ಅಣುವಿಗೆ ಅಂಟಿದ ಪಕ್ಕದ ಸರಪಳಿಯಿಂದ ಎಂದು ಗೊತ್ತಾಗಿದೆ. ಅಮಾಕ್ಸಿಸಿಲಿನ್‌ನ ಸರಪಳಿ ಇನ್ನೊಂದು ಸೆಫಲೊಸ್ಪೊರಿನ್ ಆದ ಸೆಫಡ್ರಾಕ್ಸಿಲ್‌ನಲ್ಲಿ ಹಾಗೆಯೇ ಇದೆ, ಸೆಫಲೆಕ್ಸಿನ್‌ನಲ್ಲಿ ಹೆಚ್ಚುಕಡಿಮೆ ಹಾಗೆಯೇ ಇದೆ, ಸೆಫಿಕ್ಸಿಮ್‌ನಲ್ಲಿ ಬೇರೆಯೇ ಇದೆ. ಅಂದರೆ ಮಗನಿಗೆ ಮುಂದೆಂದಾದರೂ ನಿಜಕ್ಕೂ ಬೇಕಾದಾಗ ಸೆಫಿಕ್ಸಿಮ್‌ನ ಬಾಗಿಲು ಮುಚ್ಚಿಲ್ಲ, ಕುರುವಿಗೆ ಮಾತ್ರ ಅದು ಉಪಯೋಗವಿಲ್ಲ. ದದ್ದು ಎಂಥದ್ದಾಗಿತ್ತು ಎಂಬುದನ್ನು ಬರೆದಿಟ್ಟುಕೊಂಡು ವೈದ್ಯರಿಗೆ ಹೇಳಿ. ಔಷಧ ಕುಡಿದ ಗಂಟೆಯೊಳಗೆ ತುರಿಕೆಯ ಗಂಧೆಗಳಾಗಿ ಎದ್ದಿತೇ, ನಾಲ್ಕೈದು ದಿನದ ಮೇಲೆ ಕೆಂಪು ಚುಕ್ಕೆಗಳಾಗಿ ಬಂದಿತೇ? ತುಟಿ ಊದಿತ್ತೇ, ಉಸಿರು ಕಟ್ಟಿತ್ತೇ, ಚರ್ಮದಲ್ಲೋ ಬಾಯಿಯಲ್ಲೋ ಗುಳ್ಳೆ ಎದ್ದು ಸುಲಿದಿತ್ತೇ? ಕೊನೆಯ ಮೂರರಲ್ಲಿ ಒಂದು ಇದ್ದಿದ್ದರೂ ಚಿಕಿತ್ಸೆಯ ದಾರಿಯೇ ಬದಲಾಗುತ್ತದೆ.

ನಿಮ್ಮ ಟೈಫಾಯ್ಡ್‌ಗೂ ಈ ಔಷಧಗಳ ಹುಟ್ಟಿಗೂ ಹಳೆಯ ನಂಟಿದೆ. 1945ರಲ್ಲಿ ಇಟಲಿಯ ಸಾರ್ಡಿನಿಯಾ ದ್ವೀಪದ ಕಾಲ್ಯಾರಿ ನಗರದಲ್ಲಿ, ಚರಂಡಿ ಸಮುದ್ರಕ್ಕೆ ಸೇರುವ ಜಾಗದ ನೀರಿನಿಂದ ಜುಸೆಪ್ಪೆ ಬ್ರೊಟ್ಸು ಎಂಬ ಪ್ರಾಧ್ಯಾಪಕರು ಒಂದು ಬೂಷ್ಟನ್ನು ಬೇರ್ಪಡಿಸಿದರು. ಅದರ ರಸ ಟೈಫಾಯ್ಡ್ ಬ್ಯಾಕ್ಟೀರಿಯಾವನ್ನು ತಡೆಯುತ್ತಿತ್ತು, ಅದನ್ನು ಅವರು ರೋಗಿಗಳಿಗೂ ಕೊಟ್ಟು ನೋಡಿದರು. ಆಕ್ಸ್‌ಫರ್ಡಿನವರು ಅದರ ಸಾರವನ್ನು ಶೋಧಿಸಿದ ಮೇಲೆ, 1964ರಲ್ಲಿ ಮೊದಲ ಸೆಫಲೊಸ್ಪೊರಿನ್ ಔಷಧ ಮಾರುಕಟ್ಟೆಗೆ ಬಂತು.

ಆರು ಮಾತ್ರೆ ಎಂದರೆ ಮೂರು ದಿನದ ಚಿಕಿತ್ಸೆ. ಅದನ್ನು ನೀವು ನಿಮ್ಮಷ್ಟಕ್ಕೆ ಮೊಟಕುಗೊಳಿಸಿದಿರಿ. ಕೆಲವು ಸೋಂಕುಗಳಿಗೆ ಹಿಂದಿನಷ್ಟು ದಿನ ಔಷಧ ಬೇಡ ಎಂದು ವೈದ್ಯರೇ ಈಚೆಗೆ ಒಪ್ಪುತ್ತಿದ್ದಾರೆ, ಆದರೆ ಟೈಫಾಯ್ಡ್ ವಿಷಯದಲ್ಲಿ ಆ ಸಲಿಗೆ ತೆಗೆದುಕೊಳ್ಳಬಾರದು. ಅದರ ಬ್ಯಾಕ್ಟೀರಿಯಾ ನಮ್ಮ ಜೀವಕೋಶಗಳ ಒಳಗೇ ಅಡಗಿ ಕೂರುತ್ತದೆ. ಜ್ವರ ಬಿಟ್ಟು ಎರಡು ಮೂರು ವಾರದ ಮೇಲೆ ಮರುಕಳಿಸುವುದುಂಟು. ನಿಮಗೆ ಹಾಗಾಗಲಿಲ್ಲವಲ್ಲ, ಸಂತೋಷ. ಪಾಕಿಸ್ತಾನದ ಸಿಂಧ್ ಪ್ರಾಂತ್ಯದಲ್ಲಿ 2016ರಿಂದ ಹರಡಿದ ಟೈಫಾಯ್ಡ್ ಮೂರನೇ ತಲೆಮಾರಿನ ಸೆಫಲೊಸ್ಪೊರಿನ್‌ಗಳಿಗೂ ಮಣಿಯದಾಗಿದೆ. ಅಲ್ಲಿ ಬಾಯಿಯಿಂದ ಕೊಡಲು ಉಳಿದ ಔಷಧ ಬಹುತೇಕ ಅಜಿತ್ರೊಮೈಸಿನ್ ಒಂದೇ.

ವೈದ್ಯರೇ ಬರೆದುಕೊಟ್ಟಾಗ ತೆಗೆದುಕೊಳ್ಳುವ ಬಗೆ ಸುಲಭ. ಸೆಫಿಕ್ಸಿಮ್ ಅನ್ನು ಊಟಕ್ಕೆ ಮೊದಲೂ ನುಂಗಬಹುದು, ಆಮೇಲೂ ನುಂಗಬಹುದು. ಉಷ್ಣ ಎಂದು ಮಜ್ಜಿಗೆ ಕುಡಿಯುವವರಿಗೂ ಅಡ್ಡಿಯಿಲ್ಲ. ಒಂದು ಹೊತ್ತು ಮರೆತರೆ ನೆನಪಾದಾಗ ತೆಗೆದುಕೊಳ್ಳಿ, ಆದರೆ ಮುಂದಿನ ಹೊತ್ತು ಹತ್ತಿರವಿದ್ದರೆ ಮರೆತದ್ದನ್ನು ಬಿಟ್ಟುಬಿಡಿ. ಎರಡನ್ನು ಒಟ್ಟಿಗೆ ನುಂಗಬೇಡಿ. ಹೊಟ್ಟೆ ಸ್ವಲ್ಪ ಕೆಡುವುದು ಸಾಮಾನ್ಯ. ನೀರಿನಂಥ ಭೇದಿ ನಿಲ್ಲದಿದ್ದರೆ ಅಥವಾ ರಕ್ತ ಕಂಡರೆ, ಭೇದಿ ಕಟ್ಟುವ ಮಾತ್ರೆ ನುಂಗದೆ ವೈದ್ಯರಿಗೆ ಹೇಳಿ. ಔಷಧ ನಿಲ್ಲಿಸಿ ಎರಡು ತಿಂಗಳಾದ ಮೇಲೂ ಇದು ಬರಬಹುದು. ನೀಲಿ ದ್ರಾವಣದಲ್ಲಿ ಮೂತ್ರ ಕಾಯಿಸಿ ಸಕ್ಕರೆ ನೋಡುವ ಹಳೆಯ ಪದ್ಧತಿ ನಿಮ್ಮ ಮನೆಯಲ್ಲಿ ಇನ್ನೂ ಇದ್ದರೆ, ಈ ಔಷಧದ ದಿನಗಳಲ್ಲಿ ಅದು ಇಲ್ಲದ ಸಕ್ಕರೆಯನ್ನು ತೋರಿಸಬಹುದು.

ಗದರಿದ ಅಂಗಡಿಯವರ ಮೇಲೆ ಮುನಿಸು ಬೇಡ. ಸೆಫಿಕ್ಸಿಮ್ ಎಚ್-1 ಅನುಸೂಚಿಯ ಔಷಧ. 2014ರ ಮಾರ್ಚ್ 1ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ಇಂಥವನ್ನು ಚೀಟಿ ನೋಡಿಯೇ ಕೊಡಬೇಕು. ವೈದ್ಯರ ಹೆಸರು, ರೋಗಿಯ ಹೆಸರು, ಕೊಟ್ಟ ಪ್ರಮಾಣ ಎಲ್ಲವನ್ನೂ ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟಿರಬೇಕು. ನಿಮ್ಮ ಬೀದಿಯ ಅಂಗಡಿಯವರು ನಿಯಮ ಪಾಲಿಸಿದ್ದಾರೆ. ಕೇಳಿದ ಕೂಡಲೇ ನಗುನಗುತ್ತಾ ಕತ್ತರಿಸಿ ಕೊಡುವ ಅಂಗಡಿಯವರ ಬಗ್ಗೆ ನನಗೆ ಹೆಚ್ಚು ಚಿಂತೆ.

ಆ ಆರು ಮಾತ್ರೆಗಳನ್ನು ಬಚ್ಚಲಿಗೆ ಸುರಿಯಬೇಡಿ, ಅಲ್ಲಿಂದ ಔಷಧ ನೇರ ಕೊಳಚೆ ನೀರಿನ ಬ್ಯಾಕ್ಟೀರಿಯಾಗಳನ್ನೇ ಸೇರುತ್ತದೆ. 2016ರ ಘನತ್ಯಾಜ್ಯ ನಿಯಮಗಳು ಅವಧಿ ಮೀರಿದ ಔಷಧವನ್ನು ಮನೆಯ ಅಪಾಯಕಾರಿ ಕಸ ಎಂದು ಗುರುತಿಸಿದ್ದವು. ನಿಮ್ಮವನ್ನೂ ಹಾಗೆಯೇ ಬೇರೆ ಪೊಟ್ಟಣ ಕಟ್ಟಿ, ಒಳಗೇನಿದೆ ಎಂದು ಹೇಳಿ ಕಸದ ಗಾಡಿಯವರ ಕೈಗೆ ಕೊಡಿ.