ಮಳೆ ಬರುವ ಮೊದಲೇ ತಾಡಪಾಲು

ಪ್ರಶ್ನೆ: ನವೆಂಬರಿನಲ್ಲಿ ಮೆಕ್ಕೆಜೋಳ ಒಣಹಾಕಿದಾಗಲೇ ಬಂಗಾಳ ಕೊಲ್ಲಿಯ ಸೈಕ್ಲೋನ್ ಮಳೆ ಬರುತ್ತದೆ. ಟಿವಿಯಲ್ಲಿ ಮೊದಲೇ ಹೇಳಿರುತ್ತಾರೆ. ಆದರೂ ನಾವು ತಾಡಪಾಲು ಹುಡುಕುವುದು ಹನಿ ಬಿದ್ದ ಮೇಲೆಯೇ. ಸುತ್ತಲೂ ಸಮುದ್ರವಿರುವ ದೇಶಗಳು ಏನು ಮಾಡುತ್ತವೆ?
– ಓದುಗರು, ಜಗಳೂರು ತಾಲ್ಲೂಕು

ಉತ್ತರ: ನಾನು ದಾವಣಗೆರೆಯ ಮಂಡಿಯಲ್ಲಿ ಲೆಕ್ಕ ಬರೆದವನು. ತೇವ ಜಾಸ್ತಿ ಅಂತ ರೇಟು ಇಳಿಸಿದಾಗ ರೈತರ ಮುಖ ಹೇಗಾಗುತ್ತದೆ ಅಂತ ನೋಡಿದ್ದೇನೆ. ಹಾಗಾಗಿ ನಿಮ್ಮ ಪ್ರಶ್ನೆ ಬೇಗ ಅರ್ಥವಾಯಿತು.

ಫಿಜಿ, ವನುವಾಟು ಅಂಥ ದ್ವೀಪದೇಶಗಳನ್ನೇ ನೋಡಿ. ದಕ್ಷಿಣ ಪೆಸಿಫಿಕ್ ಸಾಗರದ ಆ ಭಾಗದಲ್ಲಿ ಚಂಡಮಾರುತದ ಕಾಲ ನವೆಂಬರಿನಿಂದ ಏಪ್ರಿಲ್‌ವರೆಗೆ. 2016ರ ಫೆಬ್ರವರಿಯಲ್ಲಿ 'ವಿನ್‌ಸ್ಟನ್' ಎಂಬ ಚಂಡಮಾರುತ ಫಿಜಿಗೆ ಬಡಿದು 44 ಜನ ಸತ್ತರು. 2023ರ ಮಾರ್ಚಿನಲ್ಲಂತೂ ವನುವಾಟುವಿಗೆ 'ಜೂಡಿ', 'ಕೆವಿನ್' ಎರಡೂ ಒಂದೇ ವಾರದಲ್ಲಿ ಬಂದವು. ಫಿಜಿಯಲ್ಲಿ 300ಕ್ಕೂ ಹೆಚ್ಚು ದ್ವೀಪಗಳಿವೆ. ಗಾಳಿ ಬಡಿದ ಮೇಲೆ ದೋಣಿ ಹೋಗಲ್ಲ, ಜೆಟ್ಟಿ ಮುರಿದಿರುತ್ತದೆ. ನಮ್ಮ ಹಾಗೆ ಪಕ್ಕದ ತಾಲ್ಲೂಕಿನಿಂದ ಲಾರಿ ತರಿಸಲು ಆಗಲ್ಲ ಅಲ್ವಾ?

ಅದಕ್ಕೇ ಮುನ್ಸೂಚನೆಗೆ ಕೆಲಸವನ್ನೂ ದುಡ್ಡನ್ನೂ ಮೊದಲೇ ಕಟ್ಟಿಡುತ್ತಾರೆ. ಫಿಜಿಗಾಗಿ ವಿಶ್ವಸಂಸ್ಥೆಯ ತುರ್ತು ನಿಧಿಯೊಂದಿಗೆ ಹೀಗೊಂದು ಏರ್ಪಾಡಿದೆ. ಮುನ್ಸೂಚನೆ ಇಂಥ ಮಟ್ಟ ಮುಟ್ಟಿದರೆ ಸಜ್ಜಾಗುವುದು, ಅದಕ್ಕೂ ಮೇಲೇರಿದರೆ ದುಡ್ಡು ಬಿಡುವುದು. ಆಮೇಲೆ ಮೀಟಿಂಗ್ ಇಲ್ಲ, ಸಹಿಗೆ ಅಲೆದಾಟ ಇಲ್ಲ. ಯಾರಿಗೆ ಏನು ತಲುಪಬೇಕು ಅಂತ ಸೀಸನ್ ಶುರುವಾಗುವ ಮೊದಲೇ ಪಟ್ಟಿಯಾಗಿರುತ್ತದೆ. ನನಗೆ ಇಷ್ಟವಾದದ್ದು ಇದೇ. ಗಾಬರಿಯಲ್ಲಿ ಯೋಚಿಸುವ ಕೆಲಸವನ್ನೇ ತೆಗೆದುಹಾಕಿದ್ದಾರೆ.

ಅಲ್ಲಿನ ರೈತರದ್ದೂ ಒಂದು ಉಪಾಯವಿದೆ. ಗಾಳಿ ಬರುವ ಮೊದಲೇ ಮರಗೆಣಸಿನ ಕಾಂಡದ ಮೇಲ್ಭಾಗ ಕಡಿದುಬಿಡುತ್ತಾರೆ. ಗಿಡ ಬುಡಸಮೇತ ಕಿತ್ತುಬರಲ್ಲ, ಗೆಡ್ಡೆ ನೆಲದಲ್ಲೇ ಉಳಿಯುತ್ತದೆ. ಚಂಡಮಾರುತ ಬೇರೆ ಕಡೆ ತಿರುಗಿದರೆ ಕಡಿದ ಗಿಡದ ಬೆಳವಣಿಗೆ ಸುಮ್ನೆ ಹಿಂದೆ ಬಿದ್ದ ಹಾಗೆ. ಅದು ತಿಳಿದೂ ಕಡಿಯುತ್ತಾರೆ.

ಇನ್ನು ನಿಮ್ಮ ಕಣದ ಮಾತು. ಅಕ್ಟೋಬರಿನಲ್ಲೇ ನಾಲ್ಕು ಮನೆಯವರು ಸೇರಿ ತಾಡಪಾಲಿಗೆ ದುಡ್ಡು ಹಾಕಿಕೊಳ್ಳಿ. ಅದು ಯಾರ ಮನೆಯಲ್ಲಿರಬೇಕು, ಮೊದಲು ಯಾರ ರಾಶಿಗೆ ಹೊದಿಸಬೇಕು ಅಂತ ಆಗಲೇ ಮಾತಾಡಿಕೊಳ್ಳಿ. ಜಿಲ್ಲೆಗೆ ಹಳದಿ ಅಲರ್ಟ್ ಬಂದ ದಿನ ಆಕಾಶ ನೋಡುತ್ತಾ ಕೂರಬೇಡಿ, ಜೋಳ ರಾಶಿ ಮಾಡಿ ಮುಚ್ಚಿ. ಮಳೆ ಬರದಿದ್ದರೆ ಕೂಲಿ ದಂಡ ಅಂತ ಮನೆಯಲ್ಲಿ ಬೈಸಿಕೊಳ್ಳುವುದು ಖಚಿತ. ಹೀಗೂ ಆಗಬಹುದು ಅಂತ ಅವರಿಗೆ ಈಗಲೇ ಹೇಳಿಡಿ.