ಅನ್ನನಾಳದಲ್ಲಿ ಇಯೋಸಿನೊಫಿಲ್ 28, ರಕ್ತದಲ್ಲಿ ಬರೀ 3%: ಯಾವುದನ್ನು ನಂಬೋದು?

ಚಪಾತಿ ಎದೆಯಲ್ಲೇ ಸಿಕ್ಕಿಕೊಳ್ಳುತ್ತೆ, ಅನ್ನನಾಳದ ಬಯಾಪ್ಸಿಯಲ್ಲಿ ಹೈ ಪವರ್ ಫೀಲ್ಡ್‌ಗೆ (ಸೂಕ್ಷ್ಮದರ್ಶಕದಲ್ಲಿ ಒಮ್ಮೆಗೆ ಕಾಣುವಷ್ಟು ಜಾಗ) 28 ಇಯೋಸಿನೊಫಿಲ್ (ಒಂದು ಬಗೆಯ ಬಿಳಿ ರಕ್ತಕಣ), ಆದರೆ ರಕ್ತ ನಾರ್ಮಲ್ ಅಂತ ಬರೆದಿದ್ದೀರಿ. ಎರಡು ವರದಿಯೂ ಸರಿಯೇ ಇರಬಹುದು. ಇಯೋಸಿನೊಫಿಲಿಕ್ ಈಸೊಫೇಜೈಟಿಸ್ (ಅನ್ನನಾಳದ ಅಲರ್ಜಿಯ ಉರಿಯೂತ) ಎಂಬ ಕಾಯಿಲೆಗೆ ಲೆಕ್ಕಕ್ಕೆ ಬರೋದು ಬಯಾಪ್ಸಿ.

ಜಠರ, ಕರುಳಿನಲ್ಲಿ ಈ ಬಿಳಿ ರಕ್ತಕಣ ಆರೋಗ್ಯವಂತರಿಗೂ ಇರುತ್ತೆ. ಕೊಲೊನೋಸ್ಕೋಪಿ ವರದಿಯಲ್ಲಿ ಹೆಸರು ಕಂಡ ಮಾತ್ರಕ್ಕೆ ಗಾಬರಿ ಬೇಡ. ಅನ್ನನಾಳ ಮಾತ್ರ ಇದರ ಜಾಗವಲ್ಲ. ಅಲ್ಲಿ 15 ಅಥವಾ ಹೆಚ್ಚಿದ್ದು, ನುಂಗೋಕೆ ಕಷ್ಟವೂ ಇದ್ದು, ಬೇರೆ ಕಾರಣ ಸಿಗದಿದ್ದರೆ ಅದು ಇಯೋಸಿನೊಫಿಲಿಕ್ ಈಸೊಫೇಜೈಟಿಸ್. ಆಸ್ತಮಾ ಇರುವವರಲ್ಲಿ, ಬೆಂಗಳೂರಿನ ಧೂಳಿಗೆ ಸದಾ ಮೂಗು ಸೋರುವವರಲ್ಲಿ ಇದು ಹೆಚ್ಚು.

ಆಹಾರದ ಅಲರ್ಜಿಯಿಂದ ರೋಗನಿರೋಧಕ ಕಣಗಳ ಸಂದೇಶವಾಹಕ ಇಂಟರ್‌ಲ್ಯೂಕಿನ್-13 ಏರಿದಾಗ ಅನ್ನನಾಳದ ಒಳಪದರ ಇಯೋಟಾಕ್ಸಿನ್-3 ಎಂಬ, ಇಯೋಸಿನೊಫಿಲ್ ಸೆಳೆಯುವ ರಾಸಾಯನಿಕ ಬಿಡುತ್ತೆ. ಅದರ ಜಾಡು ಹಿಡಿದು ಇವು ಬರುತ್ತವೆ. ಒಳಗಿರೋದು ಹುಳು ಕೊಲ್ಲುವ ಪ್ರೋಟೀನು. ಹುಳುವಿಲ್ಲದ ಕಡೆ ಸುರಿದರೆ ಹಾಳಾಗೋದು ನಮ್ಮದೇ ಒಳಪದರ. ವರ್ಷಗಟ್ಟಲೆ ಬಿಟ್ಟರೆ ನಾಳ ಗಡುಸಾಗಿ ಕಿರಿದಾಗುತ್ತೆ.

ಮೊದಲ ಹೆಜ್ಜೆ ಸಾಮಾನ್ಯವಾಗಿ ಆಮ್ಲ ತಗ್ಗಿಸುವ ಒಮೆಪ್ರಜೋಲ್‌ನಂಥ ಮಾತ್ರೆ, ದಿನಕ್ಕೆರಡು ಸಲ, 8ರಿಂದ 12 ವಾರ. ಇನ್ನೊಂದು ದಾರಿ ಬುಡೆಸೊನೈಡ್ ಎಂಬ ಸ್ಟೀರಾಯ್ಡ್ 1 ಮಿ.ಗ್ರಾಂ, ದಿನಕ್ಕೆರಡು ಸಲ. ನೆಬ್ಯುಲೈಸರ್‌ಗೆ ಹಾಕುವ ದ್ರವವನ್ನೇ ಜೇನಿನಲ್ಲಿ ಕಲಸಿ ನುಂಗಬೇಕು. ಎಡವೋದು ಇಲ್ಲೇ: ನೀರಾಗಿದ್ದರೆ ಅದು ಅನ್ನನಾಳಕ್ಕೆ ಅಂಟದೆ ಜಾರಿ ಹೊಟ್ಟೆ ಸೇರುತ್ತೆ. ನುಂಗಿದ ಮೇಲೆ ಅರ್ಧ ಗಂಟೆ ನೀರೂ ಬೇಡ, ಆಮೇಲೆ ಬಾಯಿ ಮುಕ್ಕಳಿಸಿ ಉಗಿಯಿರಿ. ಇಲ್ಲದಿದ್ದರೆ ಬಾಯಲ್ಲಿ ಫಂಗಸ್ ಬರಬಹುದು. ಡೋಸ್ ನಿಮ್ಮ ಡಾಕ್ಟರೇ ಬರೆದುಕೊಡಲಿ.

ಪಥ್ಯ ಆರಿಸಿಕೊಂಡರೆ, ನನ್ನ ಪ್ರಕಾರ ಹಾಲೊಂದನ್ನೇ ಮೊದಲು ಬಿಡಿ. 2023ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಹಾಲು ಮಾತ್ರ ಬಿಟ್ಟವರಲ್ಲಿ 34%, ಆರು ಬಗೆಯ ಆಹಾರ ಬಿಟ್ಟವರಲ್ಲಿ 40% ಜನರಿಗೆ ಕಣಗಳು 15ಕ್ಕಿಂತ ಕೆಳಗಿಳಿದವು. ಇಷ್ಟು ಅಂತರಕ್ಕೆ ಅಷ್ಟು ಉಪವಾಸ ಯಾಕೆ! ಹಾಲು ಅಂದರೆ ಮಜ್ಜಿಗೆ, ತುಪ್ಪ, ಫಿಲ್ಟರ್ ಕಾಫಿ ಎಲ್ಲವೂ. ಮುಂದೆ ಗೋಧಿಯನ್ನೂ ಬಿಡಬೇಕಾದರೆ ದರ್ಶಿನಿಯ ಇಡ್ಲಿ ನಡೆಯುತ್ತೆ, ರವೆ ಇಡ್ಲಿ ನಡೆಯಲ್ಲ. ಡಬ್ಬಿ ಇಂಗಿನಲ್ಲೂ ಮೈದಾ ಬೆರೆಸಿರ್ತಾರೆ, ಲೇಬಲ್ ಓದಿ.

ನುಂಗೋದು ಸಲೀಸಾಯಿತು ಅಂತ ಮರುಎಂಡೋಸ್ಕೋಪಿ ತಪ್ಪಿಸಬೇಡಿ. ಲಕ್ಷಣ ಇಳಿದರೂ ಕಣಗಳು ಉಳಿದಿರಬಹುದು. ಇವು ಅಲ್ಲಲ್ಲಿ ಗುಂಪಾಗಿರೋದರಿಂದ ಅನ್ನನಾಳದ ಎರಡು ಮಟ್ಟದಿಂದ ಕನಿಷ್ಠ 6 ತುಣುಕು ತೆಗೆಯೋಕೆ ಹೇಳಿ. ಅಷ್ಟರೊಳಗೆ ತುತ್ತು ಸಿಕ್ಕಿ ಉಗುಳೂ ಇಳಿಯದಿದ್ದರೆ, ನೀರು ಕುಡಿದು ತಳ್ಳೋಕೆ ಹೋಗದೆ ಎಂಡೋಸ್ಕೋಪಿ ಇರುವ ಆಸ್ಪತ್ರೆಯ ಎಮರ್ಜೆನ್ಸಿಗೆ ನೇರ ಹೋಗಿ.