ಪ್ರತಿಕ್ರಿಯೆ: 12 ಇಂಚಿನ ವೂಫರ್‌ಗೆ ಪೆಟ್ಟಿಗೆ

ಮಾನ್ಯರೇ, 12 ಇಂಚಿನ ಪಿಎ ವೂಫರ್‌ಗೆ (ಸಭೆ-ಸಮಾರಂಭಗಳ ಧ್ವನಿವ್ಯವಸ್ಥೆಯಲ್ಲಿ ತಗ್ಗಿನ ಸ್ವರ ನುಡಿಸುವ ಸ್ಪೀಕರ್‌ಗೆ) ಅಂಗಡಿಯಲ್ಲಿ ಸಿಗುವ ಯಾವುದಾದರೂ ಖಾಲಿ ಪೆಟ್ಟಿಗೆ ಸಾಕೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಪೆಟ್ಟಿಗೆಯ ಒಳಗಾತ್ರವನ್ನೂ ಪೋರ್ಟ್‌ನ (ಪೆಟ್ಟಿಗೆಯ ಗಾಳಿ ಓಡಾಡುವ ಕೊಳವೆಯ) ಅಳತೆಯನ್ನೂ ನಿರ್ಧರಿಸುವುದು ಆ ವೂಫರ್‌ನ ಥೀಲ್-ಸ್ಮಾಲ್ ಅಂಕಿಗಳು, ಅಂದರೆ ತಯಾರಕರ ಮಾಹಿತಿ ಹಾಳೆಯಲ್ಲಿರುವ ಎಫ್‌ಎಸ್, ಕ್ಯೂಟಿಎಸ್, ವಿಎಎಸ್ ಮುಂತಾದ ಮೌಲ್ಯಗಳು; ಇವನ್ನು ಉಚಿತವಾಗಿ ದೊರೆಯುವ ವಿನ್‌ಐಎಸ್‌ಡಿ ತಂತ್ರಾಂಶಕ್ಕೆ ಕೊಟ್ಟು ಲೆಕ್ಕ ಹಾಕಿ, ಆಮೇಲಷ್ಟೇ ಹಲಗೆ ಕೊಯ್ಯಿಸಿ. 18 ಮಿ.ಮೀ. ಪ್ಲೈವುಡ್ ಒಳ್ಳೆಯದು, ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಭಾರ ಹೆಚ್ಚು.

ಹೊಸಬರು ಸಾಮಾನ್ಯವಾಗಿ ಮರೆಯುವ, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ: ಪೋರ್ಟ್ ಹೊಂದಿಸಿದ ಆವರ್ತನಕ್ಕಿಂತ ಕೆಳಗೆ ಕೋನ್‌ಗೆ (ವೂಫರ್‌ನ ಅಲುಗುವ ಶಂಕುವಿಗೆ) ಪೆಟ್ಟಿಗೆಯೊಳಗಿನ ಗಾಳಿಯ ತಡೆ ಸಿಗದೆ, ಕಡಿಮೆ ವ್ಯಾಟ್‌ನಲ್ಲೂ ಅದು ಮಿತಿಮೀರಿ ಚಲಿಸಿ ಹಾಳಾಗಬಹುದಾದ್ದರಿಂದ, ಆಂಪ್ಲಿಫೈಯರ್‌ಗೆ ಮುಂಚೆ ಹೈಪಾಸ್ ಫಿಲ್ಟರ್ (ತೀರಾ ತಗ್ಗಿನ ಆವರ್ತನಗಳನ್ನು ತಡೆಯುವ ಸಾಧನ) ಇರಲೇಬೇಕು. ಇನ್ನು, ವ್ಯಾಟ್ ದುಪ್ಪಟ್ಟಾದರೂ ಸದ್ದು ಹೆಚ್ಚುವುದು ಸುಮಾರು 3 ಡೆಸಿಬಲ್ ಮಾತ್ರ. ಆದಕಾರಣ ವೂಫರ್ ಕೊಳ್ಳುವಾಗ ಅದರ ಸೆನ್ಸಿಟಿವಿಟಿಯನ್ನು (ಅಷ್ಟೇ ವ್ಯಾಟ್‌ಗೆ ಎಷ್ಟು ಸದ್ದು ಕೊಡುತ್ತದೆ ಎಂಬುದನ್ನು) ಮೊದಲು ಪರಿಶೀಲಿಸಿ.